ಗುಂಡಿ ಏಳು

ಬಂದರಿನ ಹಳೇ ಉಪ್ಪಿನ ಗೋದಾಮಿನ ಹಿಂದೆ
ಒಳಚರಂಡಿ ಪೈಪಿಗೆಂದು ಗುರುತು ಹಾಕಿದ ಕಣಿಯಲ್ಲಿ
ನಮಗೆ ಸಿಕ್ಕಿದ್ದು ಹನ್ನೊಂದು ದಿನ.
ಹನ್ನೆರಡನೆಯ ದಿನ ಜೆಸಿಬಿ ಬರುತ್ತದೆ ಎಂದು
ಕಂಟ್ರಾಕ್ಟರ್ ಜೆರೋಮ್ ಪೊರ್ಬು ಮೊದಲೇ ಹೇಳಿದ್ದರು,
ಸಿಟ್ಟಿಲ್ಲದೆ, ಮಳೆಗಾಲದ ತಾರೀಖು ಹೇಳುವ ಹಾಗೆ.

ಮೇಲೆ ಡಾಂಬರು. ಅದರಡಿ ಜಲ್ಲಿ.
ಅದರಡಿ ಒಡೆದ ಹಂಚು, ಮತ್ತೆ ಹಂಚು, ಮತ್ತೂ ಹಂಚು:
ಈ ಊರು ತನ್ನ ಮಾಡುಗಳ ಮೇಲೆಯೇ ನಿಂತಿದೆ.
ಒಂದು ಹಂಚಿನ ಬೆನ್ನಲ್ಲಿ ನಾಯಿಯ ಹೆಜ್ಜೆ,
ಹಸಿ ಮಣ್ಣು ಒಣಗಲೆಂದು ಇಟ್ಟಾಗ ತುಳಿದು ಹೋದದ್ದು.
ಯಾರೋ ‘ಹಚಾ’ ಎಂದಿರಬೇಕು,
ಎರಡನೆಯ ಹೆಜ್ಜೆ ಜಾರಿದೆ.

ಇನ್ನೂ ಕೆಳಗೆ ಎರಡು ಬೆರಳು ದಪ್ಪ ಕರಿ.
ಯಾರ ದಂಡು, ಯಾರ ಪಂಜು, ಮಣ್ಣು ಹೇಳುವುದಿಲ್ಲ.
ನಾನು ಬರೆದೆ: ಬೆಂಕಿ.

ಕರಿಯ ಕೆಳಗೆ ಮುರಕಲ್ಲು ಕೊರೆದ ಗುಂಡಿಗಳು, ಒಂಬತ್ತು.
ಬೇಕಾದದ್ದನ್ನೆಲ್ಲ ಹೊತ್ತುಕೊಂಡು ಹೋದ ಮನೆಗಳು
ಬೇಡವಾದದ್ದನ್ನು ನಮಗೆ ಬಿಟ್ಟಿವೆ;
ನನ್ನ ಸಂಬಳ ನಿಂತಿರುವುದು ಅದರ ಮೇಲೆ.

ಮರುವಾಯಿ ಚಿಪ್ಪು, ಬುಟ್ಟಿಗಟ್ಟಲೆ.
ತೊರಕೆಯ ಬಾಲದ ಮುಳ್ಳು.
ಬಿಳಿ ಮಣ್ಣಿನ ಹೊಗೆಕೊಳವೆ,
ಕಚ್ಚಿ ಕಚ್ಚಿ ಸವೆದ ತುದಿ.
ಹಡಗಿನಲ್ಲಿ ಬಂದ ಪಿಂಗಾಣಿಯ ಮೇಲೆ ನೀಲಿ ಹಕ್ಕಿಯ ಅರ್ಧ.
ಇನ್ನರ್ಧಕ್ಕಾಗಿ ಮೂರು ಬುಟ್ಟಿ ಮಣ್ಣು ಜರಡಿ ಹಿಡಿದೆ,
ಹಾರಿಹೋಗಿತ್ತು.

ಟೂತ್‌ಬ್ರಶ್ಶಿನಲ್ಲಿ ಉಜ್ಜಿ ತೊಳೆದು
ದಕ್ಕೆಯ ಬದಿ ಮೀನು ಒಣಗಿಸುವವರ ಪಕ್ಕ
ನಾನೂ ನನ್ನ ಚೂರುಗಳನ್ನು ಹರವಿದೆ.
‘ಕಿಲೋಗೆಷ್ಟು?’ ಎಂದು ಕೇಳಿ
ಕಾಗೆ ಓಡಿಸುವ ಕೋಲು ಊರಿ ನಕ್ಕರು ಜಲಜಕ್ಕ.

ಏಳನೆಯ ಗುಂಡಿಯ ತಳದಲ್ಲಿ ಒಂದು ಪುಟ್ಟ ಮಡಕೆ. ಇಡಿಯದು.
ಒಂಬತ್ತರಲ್ಲೂ ಇಡಿಯದು ಅದೊಂದೇ.
ಬಾಯಿಗೆ ಬಟ್ಟಲು ಕವುಚಿ, ಅಂಚಿಗೆ ಜೇಡಿ ಮೆತ್ತಿ
ನೆಟ್ಟಗೆ ಕೂರಿಸಿದ್ದು.
ಎಸೆದದ್ದು ಹಾಗೆ ಕೂರುವುದಿಲ್ಲ.
ನಾಣ್ಯ ಇರಬಹುದೆಂದು ಎಲ್ಲರೂ ಬಗ್ಗಿದರು,
ಪೊರ್ಬು ಕೂಡ ಹೆಲ್ಮೆಟ್ ತೆಗೆದು.
ಒಳಗೆ ಒಂದು ಹಿಡಿ ಕಪ್ಪು ಮಣ್ಣು,
ತುಕ್ಕು ತಿಂದ ಒಂದು ಮೊಳೆ.
ಮೊಳೆಗೆ ಬೇರೆ ಚೀಲ, ಬೇರೆ ನಂಬರು.
ಮಡಕೆಯ ಮುಂದೆ ಬರೆದೆ: ಖಾಲಿ.

‘ಖಾಲಿ ಅಲ್ರೀ ಅಕ್ಕಾರ.’
ಬುಟ್ಟಿ ಇಳಿಸಿ ನಿಂತವಳು ಯಂಕವ್ವ,
ಕುಷ್ಟಗಿ ಕಡೆಯವಳು, ಈ ಊರಿನ ಅರ್ಧ ಕಣಿ ತೋಡಿದವಳು.
ಹತ್ತು ದಿನದಲ್ಲಿ ಅದೇ ಮೊದಲ ಮಾತು.
‘ಅದು ಕಸ.’
ಗೊತ್ತು, ಅಂದೆ. ಇದು ಕಸದ ಗುಂಡಿಯೇ.
‘ಆ ಕಸ ಅಲ್ರೀ. ಕೂಸಿನ ಹಿಂದ ಬೀಳೋ ಕಸ.
ಗಾಳಿ ತಾಕಬಾರ್ದು, ನಾಯಿ ಎಳೀಬಾರ್ದು ಅಂತ
ಮೊಳಿ ಹಾಕಿ ಹುಗೀತಾರ.
ನನ್ನವು ಮೂರು ಹುಗದಾರ.
ಎರಡು ನಮ್ಮೂರಾಗ. ಒಂದು ಇಲ್ಲೇ,
ಪಂಪ್‌ವೆಲ್ ಕಡೆ ನಮ್ಮ ಶೆಡ್ಡಿನ ಹಿಂದ.
ಈಗ ಅದರ ಮ್ಯಾಲ ಸೇತುವಿ ಕಾಲು ನಿಂತೈತಿ.’
ಮತ್ತೆ ಬುಟ್ಟಿ ಎತ್ತಿಕೊಂಡಳು.

ಮೈಸೂರಿನಿಂದ ಮೇಷ್ಟ್ರು ಫೋನಿನಲ್ಲಿ:
ಕೂಲಿಯಾಕೆ ಹೇಳಿದ್ದು ಸಾಕ್ಷ್ಯ ಆಗುವುದಿಲ್ಲಮ್ಮ,
ಮಣ್ಣು ಲ್ಯಾಬಿಗೆ ಕಳಿಸು, ವರ್ಷವಾದರೂ ಆದೀತು.
ಹೂಂ ಅಂದೆ.
‘ಖಾಲಿ’ಯನ್ನು ಹೊಡೆದು ಹಾಕಿದೆ.
ಆ ಜಾಗದಲ್ಲಿ ಏನು ಬರೆಯಬೇಕೆಂದು ಇವತ್ತಿಗೂ ತೋಚಿಲ್ಲ.

ಹನ್ನೆರಡನೆಯ ದಿನ ಜೆಸಿಬಿ ಬಂತು, ಪೈಪು ಇಳಿಯಿತು.
ಯಂಕವ್ವ ಕುದ್ರೋಳಿಯ ಕಣಿಗೆ ಹೋದಳಂತೆ.

ರಾತ್ರಿ ಗೋದಾಮಿನಲ್ಲಿ ಒಬ್ಬಳೇ ಕೂತು
ಚೀಲದ ಮೊಳೆ ತೆಗೆದು ಮಡಕೆಯೊಳಗಿಟ್ಟೆ.
ನಿಯಮದಲ್ಲಿ ಹಾಗಿಲ್ಲ.
ಬಟ್ಟಲು ಕವುಚಿದೆ.
ನಾಯಿಯ ಹೆಜ್ಜೆಯಿದ್ದ ಹಂಚು ಅದೇ ಕಪಾಟಿನಲ್ಲಿತ್ತು;
ಎತ್ತಿ, ಆಚೆ ಗೋಡೆಯ ಕಪಾಟಿನಲ್ಲಿಟ್ಟು
ಬಾಗಿಲು ಎಳೆದುಕೊಂಡೆ.